ಮೈದುನ ಕೊಡಿಸುವ ಗಾದಿ

ಚನ್ನಗಿರಿಯ ಗಾದಿ ಅಂಗಡಿಯಲ್ಲಿ ಸುಚಿತ್ರಾಳ ಕೈ ದಿಂಬಿನ ಮೇಲಿದ್ದರೂ ಕಿವಿಯೆಲ್ಲ ಪಕ್ಕದ ಗಂಡ ಹೆಂಡತಿಯ ಕಡೆಗಿತ್ತು. ಅಂಗಡಿಯವನು ಅವರಿಗೆ ಹೊಸ ಗಾದಿಯೊಂದನ್ನು ಒತ್ತಿ ತೋರಿಸುತ್ತಿದ್ದ.

“ಒಳ್ಳೆ ನಿದ್ದೆ ಆದ್ರೆ ಅರ್ಧ ಕಾಯಿಲೆ ಹೋಗ್ತೈತ್ರಿ, ಅಮ್ಮಾರೆ. ಇದರ ಮ್ಯಾಲೆ ಮಲಗಿದ್ರೆ ಬೆಳಗಿನತನಕ ಎಚ್ಚರಾನೇ ಆಗಲ್ಲ.”

“ಎಚ್ಚರಾನೇ ಆಗಲ್ವಾ?” ಹೆಂಡತಿ ಹುಬ್ಬು ಗಂಟಿಕ್ಕಿ ಗಂಡನತ್ತ ತಿರುಗಿದಳು. “ಕೇಳಿದ್ರಾ? ಅಂಗಳದಾಗೆ ಬೇಯಿಸಿದ ಅಡಿಕೆ ಒಣಗ್ತಾ ಐತೆ. ಕಾಯೋರು ಯಾರು?”

“ನನ್ನ ತಮ್ಮ ಇಲ್ವೇನೆ?”

“ಈ ಗಾದಿ ಕೊಡಿಸ್ತೀನಿ ಅಂದಿದ್ದೂ ಅವನೇ ಅಲ್ವಾ?”

“ಹೂಂ. ಅತ್ತಿಗೆ ಆರಾಮಾಗಿ ಮಲಗ್ಲಿ ಅಂದ.”

“ಹೋದ ವರ್ಷ ನಾನು ತವರಿಗೆ ಹೋದಾಗ್ಲೇ ಅಡಿಕೆ ಕಮ್ಮಿ ಆಗಿದ್ದು. ನೆನಪೈತಾ?”

ಗಂಡ ಗಾದಿ ಸವರಿದ. “ಹಂಗಾರೆ ಬ್ಯಾಡ ಬಿಡು.”

“ಯಾಕ್ ಬ್ಯಾಡ? ತಗೊಳ್ರಿ,” ಎನ್ನುತ್ತ ಆಕೆ ಬಾಗಿಲತ್ತ ನಡೆದಳು. “ಅವನ ಕೋಣೆಗೇ ಹಾಸಾಣ.”