ರಶೀದನ ಗ್ಯಾರೇಜಿನ ಪೆಡಲ್

ದನಿ ಸಣ್ಣ ಮಾಡ್ರಿ. ಫರ್ಹೀನ ಬಾಣಂತನಕ್ಕ ಬಂದಾಳ, ಬಾಜೂ ಮನ್ಯಾಗ ಮಲಗ್ಯಾಳ. ಅಕಿ ಅವ್ವನ ಸುದ್ದಿನೇ ಇದು.

ನೌಬಾದದ ಹಾಳುಬಾವಿ ಗೊತ್ತದಲ್ರಿ? ಅದರ ಬಾಜೂಕೇ ಅಕಿ ಅಪ್ಪ ರಶೀದ ಅಹ್ಮದನ ಗ್ಯಾರೇಜು. ನವಾಬರು ಓಡಿಸ್ತಿದ್ದಂಥ ಹಳಿ ಮೋಟಾರು, ಬ್ರೇಕ್ ಕೆಟ್ರ, ಇವನ ಹತ್ರನೇ ಬರ್ತಿದ್ವು. ಆ ಕೆಲಸಕ್ಕ ಇಬ್ಬರು ಬೇಕ್ರಿ. ಒಬ್ಬರು ಒಳಗ ಕುಂತು ಪೆಡಲ್ ಒತ್ತಬೇಕು, ಒಬ್ಬರು ಕೆಳಗ ಮಲಗಿ ನಟ್ ಸಡಲ ಮಾಡಿ ಬ್ರೇಕ್ ಎಣ್ಣ್ಯಾಗಿನ ಗಾಳಿ ತಗೀಬೇಕು. ಒತ್ತೋಕಿ ಹೆಂಡ್ತಿ ಶಾಕಿರಾ ಬೇಗಂ. ಗಿಡ್ಡ ಹೆಣ್ಣಮಗಳು, ಸೀಟು ಪೂರಾ ಮುಂದ ಎಳಕೊಂಡ್ರನೇ ಕಾಲು ಮುಟ್ತಿತ್ತು. ಇಬ್ಬರ ಜಗಳ ಓಣಿಗೆಲ್ಲ ಕೇಳ್ತಿತ್ತು. "ಕಾಲು ತಗಿ!" "ತಗದೀನಿ!"

ಅಕಿ ಸತ್ತ ಮ್ಯಾಲ ಅವ ಅಳಲೂ ಇಲ್ಲ. ಚಾ ಕೊಟ್ರ ಕುಡಿತಿದ್ದ, ಇಲ್ಲಂದ್ರ ಇಲ್ಲ.

ಫರ್ಹೀನಳ ಮದುವಿ ಬಂತು. ಮದುಮಗಳನ್ನ ಭಾಲ್ಕಿಗೆ ಕಳಿಸಲಿಕ್ಕ ಅಷ್ಟೂರದ ಸಾಹುಕಾರರು ತಮ್ಮ ಬಿಳಿ ಹಳಿ ಮೋಟಾರು ಕೊಟ್ರು. ಬ್ರೇಕ್ ಒತ್ತಿದ್ರ ಎಡಕ್ಕ ಎಳೀತಿತ್ತದು. ಬೆಳಗಾದ್ರ ಹುಡುಗಿ ಅದರಾಗ ಕೂಡಬೇಕು. ನಾ ಬಂದು ಪೆಡಲ್ ಒತ್ತತೇನಿ ಅಂದಿದ್ದೆ. ಔರಾದದ ಬಸ್ ತಡ ಆತು.

ರಾತ್ರಿ ಬಾವಿ ದಾಟ್ಲತ್ತೀನಿ... ಚುಂಯ್... ಟಕ್. ಪೆಡಲಿನ ಸಪ್ಪಳ. ಯಾರೋ ಸಿಕ್ಕಾರ ಅಂದ್ಕೊಂಡೆ.

ಒಳಗ ಹೋದ್ರ ಮೋಟಾರು ಜ್ಯಾಕ್ ಮ್ಯಾಲ. ರಶೀದ ಎಡಗಡಿ ಗಾಲಿ ಬಾಜೂಕ ಮಲಗ್ಯಾನ. ಸೀಟಿನಾಗ... ಯಾರೂ ಇಲ್ಲ.

"ರಶೀದಭಾಯ್, ಬಂದೀನಿ."

"ಕೆಲಸ ಆಗ್ಲತ್ತದ ಪಂಢರಿ. ನೀ ಅಲ್ಲೇ ನಿಂದ್ರು."

ಆಮ್ಯಾಲ ಮೆಲ್ಲಕ ಅಂದ, "ದಬಾ." ಒತ್ತು ಅಂತ. ಮೋಟಾರಿನ ಬಾಗಿಲ ತೆರದೇ ಇತ್ರಿ, ನನಗ ಕಂಡಿತು... ಪೆಡಲ್ ತಾನೇ ಕೆಳಗ ಹೋತು. ಚುಂಯ್.

"ಛೋಡ್." ಬಿಡು ಅಂತ. ಮ್ಯಾಲ ಬಂತು. ಟಕ್.

ಗಾಲಿ ತಿರುವಿದ. ತಿರುಗಲಿಲ್ಲ.

"ಛೋಡ್ ಬೋಲ್ಯಾ ನಾ."

"ಛೋಡ್ ದೀ ಜೀ..." ಬಿಟ್ಟೀನ್ರಿ ಅಂತ. ಹೆಣ್ಣದನಿ. ದಣದ ದನಿ.

ಮೊದಲಾಗಿದ್ರ ಬೈತಿದ್ದ. ಆವತ್ತು ಅಕಿ ಮಾತು ನಂಬಿದ. ಪಾನಾ ಹಾಕಿ ನಟ್ ಸಡಲ ಮಾಡಿದ... ಚಿರ್ರ್ ಅಂತ ಎಣ್ಣಿ ಹಾರ್ತು, ಗಾಲಿ ಗರಗರ ತಿರುಗ್ತು. ಕಾಲಿಂದಲ್ರಿ ತಪ್ಪು. ರಬ್ಬರ್ ಪೈಪು ಒಳಗೊಳಗೇ ಉಬ್ಬಿತ್ತು. ಎಣ್ಣಿ ಹೋಗ್ತಿತ್ತು, ವಾಪಸ್ ಬರ್ತಿರಲಿಲ್ಲ. ಹಂಗೇ ಹೋಗಿದ್ರ ರಸ್ತಾದಾಗ ಗಾಲಿ ಹಿಡಕೊಂಡು... ಮದುಮಗಳು ಒಳಗ ಕುಂತಿರ್ತಿದ್ಳಲ್ರಿ.

ಪೆಟ್ಟಿಗ್ಯಾಗಿನ ಹೊಸ ಪೈಪು ಹಾಕಿದ. ಮತ್ತ ದಬಾ, ಛೋಡ್. ನನಗ ಹೆದರಿಕಿನೂ ಬರಲಿಲ್ಲ ನೋಡ್ರಿ. ಕಡೀಕ "ಬಸ್" ಅಂದ, ಮೋಟಾರಿನ ಬಾಗಿಲ ಹಾಕಿದ. ಇಬ್ಬರೂ ಚಾ ಕುಡದ್ವಿ.

ಬೆಳಿಗ್ಗಿ ಡ್ರೈವರ್ ನಿಜಾಮೋದ್ದೀನ ಬಂದ. ಆರಡಿ ಆಳು. ಬಾಗಿಲ ತೆರದಾಂವನೇ ಒದರಿದ, "ಅರೇ, ಈ ಸೀಟು ಯಾರು ಮುಂದ ಎಳದ್ರಿ? ನಿನ್ನಿ ಅಷ್ಟೂರಿಂದ ನಾನೇ ತಂದೀನಿ, ಹಿಂದ ಇತ್ತು!"

ಅವ ನೂಕಿದ. ನಾ ನೂಕಿದೆ. ಕೆಳಗಿನ ಪಟ್ಟಿ ತುಕ್ಕ ಹಿಡದು ಕಲ್ಲಾಗಿತ್ತು, ಒಂದು ಬೆರಳೂ ಸರೀಲಿಲ್ಲ.

ರಶೀದ ನೋಡಿದ. "ಇರಲಿ ಬಿಡ್ರಿ" ಅಂದ. ಆಮ್ಯಾಲ ಅತ್ತ. ಅಕಿ ಹೋದ ಮ್ಯಾಲ ಮೊದಲ ಸಲ.

ಭಾಲ್ಕಿ ತನಕ ನಿಜಾಮೋದ್ದೀನ ಮೊಣಕಾಲು ಸ್ಟೇರಿಂಗಿಗೆ ಬಡಸ್ಕೋತನೇ ಓಡಿಸ್ದ. ಬಾಜೂಕ ನಾನೇ ಕುಂತಿದ್ದೆ. ಸುಳ್ಳ ಅನ್ನಿಸಿದ್ರ ಅವನ್ನೇ ಕೇಳ್ರಿ, ಇನ್ನೂ ಬೈತಾನ.