ನಾದಿನಿ ಓದಿ ಹೇಳಿದ ಕೊನೆ

ಗ್ರಂಥಾಲಯದಲ್ಲಿ ಪುಸ್ತಕ ಮರಳಿಸುವ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರಿದ್ದರು. ಒಬ್ಬಳು ದರ್ಜಿ, ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಹಳೆಯ ಇಂಗ್ಲಿಷ್ ಕಾದಂಬರಿಯೊಂದರ ಅನುವಾದ ಹಿಡಿದು, ಸುಮ್ಮನೆ ನಿಲ್ಲಲಾರದೆ ಅದರ ಕೊನೆಯ ಪುಟ ಓದುತ್ತಿದ್ದಳು. ಜೊತೆಯಲ್ಲಿದ್ದವಳು ಅವಳ ನಾದಿನಿ.

"ಬಿಟ್ಟು ಹೋದ ಗಂಡನನ್ನ ಇವಳು ಒಳಗೆ ಸೇರಿಸೋದೇ ಇಲ್ವಲ್ಲೇ."

"ಅತ್ತಿಗೆ, ಮೆತ್ತಗೆ."

"ನಾನು ಮಿಷನ್ ತುಳೀತಿದ್ದಾಗ ನೀನು ಓದಿ ಹೇಳಿದ್ದೇನು? ಅವನು ಬಾಗಿಲಲ್ಲಿ ನಿಂತು ಅತ್ತ, ಇವಳು ಕ್ಷಮಿಸಿದಳು ಅಂತ."

"ಅತ್ತಿದ್ದು ಪುಸ್ತಕದಲ್ಲೇ ಇದೆ."

"ಅವಳು ಬಾಗಿಲು ಹಾಕ್ಕೊಂಡಿದ್ದೂ ಇದೆ. ಅದನ್ನ ನುಂಗಿಬಿಟ್ಟೆ."

"ಅದೊಂದು ಕಥೆ ತಾನೇ."

"ಕಥೆ ಅಂತೆ. ಮಾರನೇ ದಿನಾನೇ, ನನ್ನ ಬಿಟ್ಟು ಹೋಗಿದ್ದ ನಿಮ್ಮಣ್ಣ ಬಂದು ಅದೇ ಥರ ನನ್ನ ಬಾಗಿಲಲ್ಲಿ ನಿಂತು ಅತ್ತ, ನಾನೂ ಒಳಗೆ ಸೇರಿಸ್ಕೊಂಡೆ. ಅವನಿಗೆ ಹೇಳಿಕೊಟ್ಟವರು ಯಾರು?"

ನಾದಿನಿ ಚೀಲದ ಹಿಡಿ ತಿರುಚುತ್ತಿದ್ದಳು.

"ನಿಮ್ಮ ಸಂಸಾರ ಉಳೀಲಿ ಅಂತ ಮಾಡ್ದೆ."

"ನನ್ನ ಸಂಸಾರ ಉಳೀಲಿ ಅಂತಾನೋ, ಅವನು ನಿನ್ನ ಮನೇಲಿ ಬಿದ್ದಿರೋದು ತಪ್ಪಲಿ ಅಂತಾನೋ?"

"ನನಗೂ ಗಂಡ, ಅತ್ತೆ ಇದ್ದಾರೆ, ಅತ್ತಿಗೆ. ಎಷ್ಟು ದಿನ ಇಟ್ಕೊಳ್ಳಲಿ?"

"ಅದನ್ನೇ ಬಾಯಿಬಿಟ್ಟು ಹೇಳಬಹುದಿತ್ತು. ಯಾವಳೋ ಪರದೇಶದವಳ ಬಾಯಲ್ಲಿ ನಿನ್ನ ಮಾತು ಹಾಕಿ ನನ್ನ ಕಿವಿ ಮೇಲೆ ಹೂವಿಟ್ಟೆ."

ಅಷ್ಟರಲ್ಲಿ ಅವರ ಸರದಿ ಬಂತು. ಗುಮಾಸ್ತೆ ಪುಸ್ತಕಕ್ಕೆ ಕೈಚಾಚಿದಳು. ದರ್ಜಿ ಕೊಡಲಿಲ್ಲ.

"ಇನ್ನೊಂದು ವಾರ ಇರಲಿ, ಬರ್ಕೊಳ್ಳಿ. ಮನೇಲಿ ಒಬ್ಬರಿಗೆ ಓದಿ ಹೇಳೋದಿದೆ."

"ಅಣ್ಣಂಗಾ?" ಎಂದಳು ನಾದಿನಿ.

"ಹೂಂ. ನಾನು ಒಳಗೆ ಕೂತು ಓದ್ತೀನಿ. ಅವನು ಬಾಗಿಲ ಹೊರಗೆ ನಿಂತು ಕೇಳ್ಲಿ."

ಪುಸ್ತಕ ಕಂಕುಳಲ್ಲಿಟ್ಟುಕೊಂಡು ದರ್ಜಿ ಹೊರಟಳು. ನಾದಿನಿ ಅವಳ ಹಿಂದೆ ಓಡಿದಳು.