ಡಾಕ್ಟರಿಗೂ ಗೊತ್ತಾಗದ ಜ್ವರ

ದೊಡ್ಡಬಳ್ಳಾಪುರದ ಆ ಸಣ್ಣ ಕ್ಲಿನಿಕ್ಕಿನ ಬೆಂಚಿನಲ್ಲಿ ನನ್ನ ಪಕ್ಕ ನಮ್ಮ ಬೀದಿಯ ನಾಗಲಕ್ಷ್ಮಮ್ಮ ಕೂತಿದ್ದರು. ಅವರ ಆಚೆ ಕಾಗದದ ಕಟ್ಟು ಹಿಡಿದ ಒಬ್ಬ ಹುಡುಗಿ. ಹೆಸರು ವಾಣಿ, ಬೆಂಗಳೂರಿನ ಕಾಲೇಜಿನಿಂದ ಡಾಕ್ಟರನ್ನು ಕಾಣಲು ಬಂದಿದ್ದೇನೆ ಎಂದು ಆಗಷ್ಟೇ ನರ್ಸಿಗೆ ಹೇಳಿ ಕೂತಿದ್ದಳು.

“ಏನಮ್ಮ ಅದು, ಪರೀಕ್ಷೆ ಪತ್ರಿಕೆನಾ?” ಎಂದರು ನಾಗಲಕ್ಷ್ಮಮ್ಮ.

“ಹೂಂ ಅಮ್ಮ, ಡಾಕ್ಟರಿಗೇ ಪ್ರಶ್ನೆ. ರೋಗ ಏನಂತ ಗೊತ್ತಾಗದಿದ್ದಾಗ ಅವರಿಗೆ ಎಷ್ಟು ಆತಂಕ ಆಗುತ್ತೆ ಅಂತ ಅವರೇ ಒಂದರಿಂದ ಆರರೊಳಗೆ ಅಂಕ ಹಾಕ್ಬೇಕು.”

“ಅದನ್ನೂ ಅಳೀತಾರಾ! ನನ್ನ ಕೇಳು, ಹೇಳ್ತೀನಿ. ಹೋದ ತಿಂಗಳು ನಮ್ಮ ಯಜಮಾನ್ರಿಗೆ ಒಂಬತ್ತು ದಿನ ಜ್ವರ. ರಕ್ತ ಪರೀಕ್ಷೇಲಿ ಏನೂ ಸಿಗ್ಲಿಲ್ಲ. ‘ಏನಂತ ನಂಗಿನ್ನೂ ಗೊತ್ತಾಗ್ತಿಲ್ಲ ಕಣಮ್ಮ’ ಅಂದ್ಬಿಟ್ರು ಈ ಡಾಕ್ಟ್ರು.”

“ನೀವೇನಂದ್ರಿ?”

“ಗೊತ್ತಿಲ್ದಿದ್ರೆ ಬೋರ್ಡ್ ಯಾಕೆ ಹಾಕ್ಕೊಂಡಿದ್ದೀರಾ ಅಂತ ರೇಗಿದೆ. ಮಾರನೇ ದಿನ ಬೆಳಿಗ್ಗೆ ಐದೂವರೆಗೆ ಅವರದೇ ಫೋನು. ಜ್ವರ ಎಷ್ಟಿದೆ, ಗಂಜಿ ಕುಡಿದ್ರಾ, ಉಸಿರಾಟ ಹೆಂಗಿದೆ ಅಂತ. ಆಮೇಲೆ ದಿನಾ ಹಂಗೇ.”

“ಕೊನೆಗೆ ಏನಂತೆ ಕಾಯಿಲೆ?”

“ಇವತ್ತಿಗೂ ಗೊತ್ತಿಲ್ಲಂತೆ. ಜ್ವರ ತಾನೇ ಬಿಡ್ತು. ಈಗ ಮಗ್ಗದ ಮುಂದೆ ನಿಂತವ್ರೆ.”

“ಗೊತ್ತಿಲ್ಲ ಅಂದಾಗ ನಿಮಗೆ ಭಯ ಆಗ್ಲಿಲ್ವಾ ಅಮ್ಮ?”

ಒಳಗಿನಿಂದ ಕರೆದರು. ನಾಗಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಎದ್ದರು.

“ಭಯ ಆಗ್ದೆ ಇರುತ್ತಾ ಕಣಮ್ಮ. ಆದ್ರೆ ಆ ಫೋನ್ ಬಂತಲ್ಲ, ಅವ್ರಿಗೂ ನಿದ್ದೆ ಬಂದಿಲ್ಲ ಅಂತ ಗೊತ್ತಾಯ್ತು. ಆಗ ನನ್ನ ಭಯ ಅರ್ಧ ಕಮ್ಮಿ ಆಯ್ತು.”

ಹಾಗೆಂದು ಅವರು ಒಳಗೆ ಹೋದರು.